ಸಣ್ಣ ಹ್ಯಾಚ್‌ಬ್ಯಾಕ್ ಕಾರು ಕೊಟ್ಟ ಹಣಕ್ಕೆ ತಕ್ಕದ್ದೇ? ಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಸಣ್ಣ ಕಾರು ಕೊಳ್ಳಲು ಹೊರಟವರಲ್ಲಿ ಹೆಚ್ಚಿನವರು ಎರಡು ಕಾರುಗಳ ಬೆಲೆಪಟ್ಟಿಯನ್ನು ಪಕ್ಕಪಕ್ಕದಲ್ಲಿಟ್ಟು, ಯಾವುದರಲ್ಲಿ ಸೌಲಭ್ಯಗಳ ಸಾಲು ಉದ್ದವಾಗಿದೆ ಎಂದು ಎಣಿಸಿ ತೀರ್ಮಾನಕ್ಕೆ ಬರುತ್ತಾರೆ. ಈ ಎಣಿಕೆಯಲ್ಲಿ ದೊಡ್ಡ ಪರದೆಗೂ ಒಂದು ಅಂಕ, ಪ್ರಾಣ ಉಳಿಸುವ ಸಾಧನಕ್ಕೂ ಒಂದೇ ಅಂಕ. ಕಾರು ಹಣಕ್ಕೆ ತಕ್ಕದ್ದೇ ಎಂಬ ಪ್ರಶ್ನೆಗೆ ಉತ್ತರ ಅಲ್ಲಿ ಸಿಗುವುದಿಲ್ಲ. ಅದನ್ನು ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ, ಎಷ್ಟು ದೂರ ಓಡಿಸುತ್ತೀರಿ, ಕೊನೆಗೆ ಎಷ್ಟಕ್ಕೆ ಕೈಬಿಡುತ್ತೀರಿ ಎಂಬ ಮೂರು ಸಂಗತಿಗಳು ತಿಳಿದರೆ ಮಾತ್ರ ಬೆಲೆಪಟ್ಟಿಯ ಅಂಕಿಗೆ ಅರ್ಥ ಬರುತ್ತದೆ. ಲೆಕ್ಕ ಸುಲಭವಾಗಲೆಂದು ಇಲ್ಲಿ ಕಾರಿನ ಒಟ್ಟು ಬೆಲೆಯನ್ನು 100 ಎಂದು ಇಟ್ಟುಕೊಂಡಿದ್ದೇನೆ; ನೀವು ನೋಡಿಟ್ಟ ಕಾರಿನ ಬೆಲೆಯನ್ನು ಅದಕ್ಕೆ ಹೊಂದಿಸಿಕೊಳ್ಳಬಹುದು.

1. ಮೊದಲು ನಿಮ್ಮ ಓಡಾಟವನ್ನು ಬರೆದಿಡಿ

ಒಂದು ತಿಂಗಳ ಮಟ್ಟಿಗೆ ಮನೆಯವರ ಓಡಾಟವನ್ನು ಒಂದು ಹಾಳೆಯಲ್ಲಿ ಬರೆಯುತ್ತ ಬನ್ನಿ: ಎಷ್ಟು ದೂರ, ಎಷ್ಟು ಜನ, ಜೊತೆಗೆ ಎಷ್ಟು ಸಾಮಾನು. ಬಹುಪಾಲು ಓಡಾಟಗಳಲ್ಲಿ ಕಾರಿನೊಳಗೆ ಒಬ್ಬರೋ ಇಬ್ಬರೋ ಇದ್ದು, ದೂರವೂ ಹೆಚ್ಚಿಲ್ಲದಿದ್ದರೆ ಸಣ್ಣ ಹ್ಯಾಚ್‌ಬ್ಯಾಕ್ ನಿಮಗಾಗಿಯೇ ಇರುವ ಕಾರು. ವರ್ಷಕ್ಕೊಮ್ಮೆ ಐವರು ಕೂತು ಹೊರಡುವ ದೂರದ ಪ್ರಯಾಣವೊಂದನ್ನೇ ಮನಸ್ಸಿನಲ್ಲಿಟ್ಟು ದೊಡ್ಡ ಕಾರು ಕೊಳ್ಳುವವರು ಬಹಳ. ಆ ಒಂದು ಪ್ರಯಾಣಕ್ಕೆ ಬಾಡಿಗೆ ವಾಹನ ಹಿಡಿದರೂ ಒಟ್ಟು ಖರ್ಚು ಕಡಿಮೆಯೇ ಆಗುತ್ತದೆ ಎಂಬುದನ್ನು ಅವರು ಲೆಕ್ಕ ಹಾಕಿ ನೋಡಿರುವುದಿಲ್ಲ. ಇನ್ನೊಂದು ಕಡೆ, ವಾರದಲ್ಲಿ ಮೂರು ನಾಲ್ಕು ಬಾರಿ ಹಿಂದಿನ ಸೀಟಿನಲ್ಲಿ ಮೂವರು ದೊಡ್ಡವರು ಕೂರಬೇಕಾದ ಮನೆಗೆ ಸಣ್ಣ ಹ್ಯಾಚ್‌ಬ್ಯಾಕ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ದುಬಾರಿಯೇ. ಎರಡು ವರ್ಷದಲ್ಲಿ ಅದನ್ನು ಮಾರಿ ಬೇರೆ ಕೊಳ್ಳುವ ಹೊತ್ತಿಗೆ ಆಗುವ ನಷ್ಟ ಸಣ್ಣದಲ್ಲ.

ಓಡಾಟದ ದೂರ ಎಂಜಿನ್ನಿನ ಆಯ್ಕೆಯನ್ನೂ ನಿರ್ಧರಿಸುತ್ತದೆ. ಎಂಜಿನ್ ಸರಿಯಾಗಿ ಬಿಸಿಯೇರುವ ಮುನ್ನವೇ ಮುಗಿಯುವ ಎರಡು ಮೂರು ಕಿಲೋಮೀಟರಿನ ಓಡಾಟಗಳಲ್ಲಿ ಪೆಟ್ರೋಲ್ ಕಾರೂ ಹೆಚ್ಚು ಇಂಧನ ಕುಡಿಯುತ್ತದೆ. ಡೀಸೆಲ್ ಕಾರಿನದು ಇನ್ನೊಂದು ತೊಂದರೆ: ಹೊಗೆಯ ಮಸಿಯನ್ನು ಹಿಡಿದಿಡುವ ಅದರ ಫಿಲ್ಟರ್ ಆಗಾಗ ಚೆನ್ನಾಗಿ ಕಾದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಬೇಕು, ಸಣ್ಣ ಓಡಾಟಗಳಲ್ಲಿ ಅದಕ್ಕೆ ಆಸ್ಪದವೇ ಸಿಗದೆ ಕಟ್ಟಿಕೊಳ್ಳುತ್ತದೆ.

2. ರಸ್ತೆಗಿಳಿಯುವ ಹೊತ್ತಿನ ಬೆಲೆಯನ್ನೇ ಹಿಡಿಯಿರಿ

ಜಾಹೀರಾತಿನ ಬೆಲೆಗೆ ತೆರಿಗೆ, ನೋಂದಣಿ, ವಿಮೆ, ಹೆಚ್ಚುವರಿ ವಾರಂಟಿ, ಮ್ಯಾಟು, ಸೀಟ್ ಕವರುಗಳೆಲ್ಲ ಸೇರಿದ ಮೇಲೆ ಬರುವ ಅಂಕಿಯೇ ನಮ್ಮ 100. ಎರಡು ಕಾರುಗಳನ್ನು ಹೋಲಿಸುವಾಗ ಒಂದರ ಜಾಹೀರಾತಿನ ಬೆಲೆಯನ್ನು ಇನ್ನೊಂದರ ಒಟ್ಟು ಬೆಲೆಯ ಜೊತೆ ಇಡಬೇಡಿ. ಷೋರೂಮಿನವರು ಕೊಡುವ ಪಟ್ಟಿಯ ಪ್ರತಿ ಸಾಲನ್ನೂ ಕೇಳಿ ತಿಳಿಯಿರಿ. ವಿಮೆಯನ್ನು ಹೊರಗಿನಿಂದಲೂ ವಿಚಾರಿಸಿ ನೋಡುವುದು ಒಳ್ಳೆಯದು.

3. ಕೈಬಿಟ್ಟುಹೋಗುವ ಹಣ

ಸಣ್ಣ ಕಾರಿನ ಅತಿ ದೊಡ್ಡ ಖರ್ಚುಗಳಲ್ಲಿ ಒಂದು ಯಾವ ರಸೀದಿಯಲ್ಲೂ ಕಾಣುವುದಿಲ್ಲ. ಅದು ಬೆಲೆಯ ಇಳಿತ. 100ಕ್ಕೆ ಕೊಂಡ ಕಾರನ್ನು ಐದು ವರ್ಷದ ನಂತರ 50ಕ್ಕೆ ಮಾರಿದಿರಿ ಎಂದುಕೊಳ್ಳೋಣ. ವರ್ಷಕ್ಕೆ 10,000 ಕಿಲೋಮೀಟರಿನಂತೆ 50,000 ಕಿಲೋಮೀಟರ್ ಓಡಿಸಿದ್ದರೆ, ಇಂಧನದ ಮಾತು ಎತ್ತುವ ಮೊದಲೇ ಪ್ರತಿ 1,000 ಕಿಲೋಮೀಟರಿಗೆ ಕಾರಿನ ಬೆಲೆಯ ನೂರರಲ್ಲಿ 1 ಪಾಲು ಕರಗಿದೆ. ವರ್ಷಕ್ಕೆ 5,000 ಕಿಲೋಮೀಟರ್ ಮಾತ್ರ ಓಡಿಸಿದ್ದರೆ, ಮಾರುವಾಗ ಸ್ವಲ್ಪ ಹೆಚ್ಚು ಬೆಲೆ ಸಿಕ್ಕೀತಾದರೂ, ಅದೇ ದೂರಕ್ಕೆ ಸುಮಾರು ಎರಡು ಪಾಲು. ಕಡಿಮೆ ಓಡಿಸುವವರು ಮೈಲೇಜಿಗಿಂತ ಕೊಳ್ಳುವ ಬೆಲೆಯ ಕಡೆಗೆ ಹೆಚ್ಚು ಗಮನ ಕೊಡಬೇಕೆಂದು ನಾನು ಹೇಳುವುದು ಈ ಕಾರಣಕ್ಕೆ.

ಐದು ವರ್ಷದ ನಂತರದ ಬೆಲೆಯನ್ನು ಈಗಲೇ ತಿಳಿಯುವುದು ಹೇಗೆ ಎಂದರೆ, ಅದೇ ಮಾದರಿಯ ಮೂರು ವರ್ಷ ಮತ್ತು ಐದು ವರ್ಷ ಹಳೆಯ ಕಾರುಗಳ ಮಾರಾಟದ ಜಾಹೀರಾತುಗಳನ್ನು ನೋಡಿ. ಜಾಹೀರಾತಿನಲ್ಲಿರುವುದು ಮಾರುವವರು ಕೇಳುವ ಬೆಲೆ, ಅವರ ಕೈಗೆ ಬರುವುದು ಅದಕ್ಕಿಂತ ಕಡಿಮೆ. ಆದ್ದರಿಂದ ಸ್ವಲ್ಪ ಕಳೆದುಕೊಂಡು ಇಂದಿನ ಹೊಸ ಕಾರಿನ ಬೆಲೆಯ ಜೊತೆ ಇಟ್ಟು ನೋಡಿ. ಇಲ್ಲಿ ಎರಡು ಎಚ್ಚರಿಕೆಗಳಿವೆ. ಕಂಪನಿಯವರು ಸದ್ಯದಲ್ಲೇ ಹೊಸ ತಲೆಮಾರಿನ ಮಾದರಿಯನ್ನು ತರಲಿದ್ದರೆ, ಇಂದು ರಿಯಾಯಿತಿಯಲ್ಲಿ ಸಿಗುವ ಹಳೆಯ ಮಾದರಿ ಮಾರುವಾಗ ಬೇಗ ಬೆಲೆ ಕಳೆದುಕೊಳ್ಳುತ್ತದೆ. ಮತ್ತೆ, ಅದೇ ಮಾದರಿಯ ಹೆಚ್ಚು ಸೌಲಭ್ಯವಿರುವ ಮೇಲಿನ ವೇರಿಯಂಟಿಗೆ ನೀವು ಹೆಚ್ಚು ಕೊಟ್ಟ ಹಣ ಅದೇ ಪ್ರಮಾಣದಲ್ಲಿ ಮರಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೊಳ್ಳುವವರು ಮೊದಲು ವರ್ಷ ಮತ್ತು ಓಡಿದ ದೂರ ಕೇಳುತ್ತಾರೆ, ಸನ್‌ರೂಫಿನ ಮಾತು ಆಮೇಲೆ.

4. ಸಾಲದ ಕಂತು ಚಿಕ್ಕದಾದರೆ ಕಾರು ಅಗ್ಗವಾಗುವುದಿಲ್ಲ

ಒಟ್ಟು 100ರಲ್ಲಿ 20 ಕೈಯಿಂದ ಕಟ್ಟಿ 80 ಸಾಲ ಮಾಡಿದಿರಿ, ಬಡ್ಡಿ ವರ್ಷಕ್ಕೆ ಶೇ 9 ಎಂದುಕೊಳ್ಳಿ. ಐದು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 1.66 ಆಗುತ್ತದೆ, ಒಟ್ಟು ಬಡ್ಡಿ 19.6. ಅದೇ ಸಾಲವನ್ನು ಏಳು ವರ್ಷಕ್ಕೆ ಎಳೆದರೆ ಕಂತು 1.29ಕ್ಕೆ ಇಳಿದು ಹಗುರವೆನಿಸುತ್ತದೆ, ಬಡ್ಡಿ ಮಾತ್ರ 28.1ಕ್ಕೆ ಏರುತ್ತದೆ. ಬೆಲೆ ಕೇಳಿದಾಗ ಕಂತನ್ನು ಹೇಳುವ ಮಾರಾಟಗಾರರ ಹತ್ತಿರ ಒಟ್ಟು ಎಷ್ಟು ಕಟ್ಟಬೇಕಾಗುತ್ತದೆ ಎಂದು ಮತ್ತೆ ಕೇಳಿ. ಏಳು ವರ್ಷದ ಕಂತಿನಲ್ಲಿ ಮಾತ್ರ ಕೈಗೆಟುಕುವ ಕಾರು, ನನ್ನ ದೃಷ್ಟಿಯಲ್ಲಿ, ಕೈಗೆಟುಕದ ಕಾರು.

5. ಮೈಲೇಜಿನ ಅಂಕಿಯನ್ನು ಲೀಟರಿಗೆ ಇಳಿಸಿ

ಕಂಪನಿಯ ಮೈಲೇಜ್ ಅಂಕಿ ಬರುವುದು ಪ್ರಯೋಗಶಾಲೆಯಲ್ಲಿ, ಉರುಳೆಗಳ ಮೇಲೆ ನಿಲ್ಲಿಸಿ ಓಡಿಸಿದ ಕಾರಿನಿಂದ. ಐರೋಪ್ಯ ಒಕ್ಕೂಟದಲ್ಲಿ 2017ರಿಂದ ಬಳಕೆಗೆ ಬಂದ ಡಬ್ಲ್ಯುಎಲ್‌ಟಿಪಿ ಎಂಬ ಪರೀಕ್ಷೆ ಅದರ ಹಿಂದಿನ ಎನ್‌ಇಡಿಸಿ ಪರೀಕ್ಷೆಗಿಂತ ವಾಸ್ತವಕ್ಕೆ ಹತ್ತಿರ. 30 ನಿಮಿಷದಲ್ಲಿ 23 ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ದೂರ, ಗಂಟೆಗೆ 131 ಕಿಲೋಮೀಟರ್ ವೇಗದವರೆಗೆ ಓಡಿಸುತ್ತಾರೆ. ಆದರೂ ಅದರಲ್ಲಿ ಎಸಿ ಹಾಕುವುದಿಲ್ಲ. ಸಣ್ಣ ಎಂಜಿನ್ನಿನ ಕಾರಿನಲ್ಲಿ ಎಸಿ ಕಂಪ್ರೆಸರ್ ಎಳೆಯುವ ಶಕ್ತಿ ಎಂಜಿನ್ನಿನ ಒಟ್ಟು ಶಕ್ತಿಯಲ್ಲಿ ದೊಡ್ಡ ಪಾಲಾದ್ದರಿಂದ, ಎಸಿ ಹಾಕಿ ನಿಂತುನಿಂತು ಸಾಗುವ ದಟ್ಟಣೆಯಲ್ಲಿ ಓಡಿಸುವವರಿಗೆ ಆ ಅಂಕಿ ಸಿಗದು. ಅದನ್ನು ಎರಡು ಕಾರುಗಳ ನಡುವಿನ ಹೋಲಿಕೆಗೆ ಮಾತ್ರ ಇಟ್ಟುಕೊಂಡು, ನಿಜವಾದ ಮೈಲೇಜನ್ನು ಆ ಕಾರನ್ನು ಈಗಾಗಲೇ ಓಡಿಸುತ್ತಿರುವ ಒಬ್ಬಿಬ್ಬರಿಂದ ಕೇಳಿ ತಿಳಿಯುವುದು ಲೇಸು.

ಇದಕ್ಕಿಂತ ಮುಖ್ಯವಾದ ಒಂದು ತಪ್ಪು ಗ್ರಹಿಕೆ ಇದೆ. ಲೀಟರಿಗೆ 10 ಕಿಲೋಮೀಟರ್ ಕೊಡುವ ಕಾರಿನಿಂದ 12 ಕೊಡುವ ಕಾರಿಗೆ ಬದಲಾಯಿಸಿದರೆ 1,000 ಕಿಲೋಮೀಟರಿಗೆ 16.7 ಲೀಟರ್ ಉಳಿಯುತ್ತದೆ. 20ರಿಂದ 22ಕ್ಕೆ ಹೋದರೆ ಉಳಿಯುವುದು 4.5 ಲೀಟರ್ ಮಾತ್ರ. ಎರಡೂ ಕಡೆ ಮೈಲೇಜ್ ಹೆಚ್ಚಿದ್ದು ಎರಡೇ ಕಿಲೋಮೀಟರ್, ಲಾಭ ಮಾತ್ರ ಸುಮಾರು ನಾಲ್ಕು ಪಟ್ಟು ಬೇರೆ. ಸಣ್ಣ ಹ್ಯಾಚ್‌ಬ್ಯಾಕುಗಳೆಲ್ಲ ಸಾಮಾನ್ಯವಾಗಿ ಒಳ್ಳೆಯ ಮೈಲೇಜ್ ಕೊಡುವ ಗುಂಪಿನಲ್ಲೇ ಇರುವುದರಿಂದ, ಅವುಗಳ ನಡುವಿನ ಒಂದೆರಡು ಕಿಲೋಮೀಟರಿನ ವ್ಯತ್ಯಾಸಕ್ಕಾಗಿ ಬೆಲೆಯಲ್ಲಿ ಬಹಳ ಹೆಚ್ಚು ಕೊಡುವುದು ಗಿಟ್ಟುವುದಿಲ್ಲ. ನಿಮ್ಮ ತಿಂಗಳ ದೂರವನ್ನು ಎರಡೂ ಮೈಲೇಜಿನಿಂದ ಭಾಗಿಸಿ, ಬಂದ ಲೀಟರುಗಳ ವ್ಯತ್ಯಾಸವನ್ನು ಇಂಧನದ ದರದಿಂದ ಗುಣಿಸಿದರೆ ಎಷ್ಟು ತಿಂಗಳಿಗೆ ಆ ಹೆಚ್ಚುವರಿ ಹಣ ಮರಳುತ್ತದೆ ಎಂಬುದು ತಕ್ಷಣ ತಿಳಿಯುತ್ತದೆ.

6. ವೇರಿಯಂಟ್ ಆಯ್ಕೆ: ಯಾವುದಕ್ಕೆ ಹಣ ಕೊಡಬೇಕು

ಒಂದೇ ಮಾದರಿಯ ಕೆಳಗಿನ ಮತ್ತು ಮೇಲಿನ ವೇರಿಯಂಟುಗಳ ನಡುವಿನ ಬೆಲೆಯ ಅಂತರ ಅನೇಕ ವೇಳೆ ಎರಡು ಬೇರೆ ಕಾರುಗಳ ನಡುವಿನ ಅಂತರಕ್ಕಿಂತ ಹೆಚ್ಚಾಗಿರುತ್ತದೆ. ಆದ್ದರಿಂದ ‘ಈ ಕಾರು ಹಣಕ್ಕೆ ತಕ್ಕದ್ದೇ’ ಎಂದು ಕೇಳುವುದಕ್ಕಿಂತ ‘ಈ ಕಾರಿನ ಯಾವ ವೇರಿಯಂಟ್ ಹಣಕ್ಕೆ ತಕ್ಕದ್ದು’ ಎಂದು ಕೇಳಿದರೆ ಉತ್ತರ ಸ್ಪಷ್ಟವಾಗುತ್ತದೆ. ಇಲ್ಲಿ ನಾನು ಅನುಸರಿಸುವ ನಿಯಮ ಒಂದೇ: ಆಮೇಲೆ ಹಾಕಿಸಲು ಬಾರದ್ದಕ್ಕೆ ಮೊದಲು ಹಣ ಕೊಡಿ, ಆಮೇಲೆ ಹಾಕಿಸಬಹುದಾದ್ದಕ್ಕೆ ಕೊನೆಗೆ.

ಆಮೇಲೆ ಹಾಕಿಸಲು ಬಾರದವುಗಳಲ್ಲಿ ಮೊದಲನೆಯದು ಸುರಕ್ಷತೆ. ಬದಿಯ ಏರ್‌ಬ್ಯಾಗು, ಕಿಟಕಿಯ ಮೇಲಿನಿಂದ ಇಳಿಯುವ ಕರ್ಟನ್ ಏರ್‌ಬ್ಯಾಗು, ಮಕ್ಕಳ ಸೀಟನ್ನು ಕಾರಿನ ಚಾಸಿಗೇ ಸಿಕ್ಕಿಸುವ ಐಸೋಫಿಕ್ಸ್ ಕೊಂಡಿಗಳು, ಹಿಂದಿನ ಸೀಟಿನ ಮಧ್ಯದವರಿಗೂ ಮೂರು ಬಿಂದುಗಳ ಬೆಲ್ಟು ಮತ್ತು ತಲೆಯಾಸರೆ. ಮೂರು ಬಿಂದುಗಳ ಬೆಲ್ಟನ್ನು ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿ 1959ರಲ್ಲೇ ಕಾರಿಗೆ ಅಳವಡಿಸಿದ್ದರು. ಇಷ್ಟು ಕಾಲವಾದ ಮೇಲೂ ಮಧ್ಯದ ಪ್ರಯಾಣಿಕರಿಗೆ ಸೊಂಟದ ಪಟ್ಟಿಯೊಂದನ್ನೇ ಕೊಟ್ಟು ‘ಐದು ಜನರ ಕಾರು’ ಎಂದು ಮಾರುವುದನ್ನು ಕಂಡರೆ ಆ ಕಾರನ್ನು ನಾಲ್ಕು ಜನರದ್ದೆಂದೇ ಎಣಿಸಬೇಕು. ಈ ಪಟ್ಟಿಯಲ್ಲಿ ನಾನು ಎಲ್ಲಕ್ಕಿಂತ ಮೇಲೆ ಇಡುವುದು ಇಎಸ್‌ಸಿಯನ್ನು. ಕಾರು ಜಾರತೊಡಗಿದಾಗ ಒಂದೊಂದು ಚಕ್ರಕ್ಕೆ ಬೇರೆಬೇರೆಯಾಗಿ ಬ್ರೇಕ್ ಹಾಕಿ ಅದನ್ನು ದಾರಿಗೆ ತರುವ ಈ ವ್ಯವಸ್ಥೆ 1995ರಲ್ಲಿ ದುಬಾರಿ ಕಾರೊಂದರಲ್ಲಿ ಬಂದು, 2014ರ ನವೆಂಬರಿನಿಂದ ಐರೋಪ್ಯ ಒಕ್ಕೂಟದ ಎಲ್ಲ ಹೊಸ ಕಾರುಗಳಿಗೆ ಕಡ್ಡಾಯವಾಯಿತು. ಏರ್‌ಬ್ಯಾಗು ಕೆಲಸಕ್ಕೆ ಬರುವುದು ಅಪಘಾತ ಆದ ಮೇಲೆ, ಇಎಸ್‌ಸಿ ಅದಕ್ಕೂ ಮೊದಲು.

ಕ್ರ್ಯಾಶ್ ಟೆಸ್ಟಿನ ನಕ್ಷತ್ರಗಳನ್ನು ಓದುವಾಗ ಮೂರು ಸಂಗತಿ ನೋಡಿ: ಯಾವ ವರ್ಷದ ಪರೀಕ್ಷೆ, ಯಾವ ವೇರಿಯಂಟ್, ಯಾವ ತೂಕದ ಕಾರು. 1997ರಲ್ಲಿ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದ ಯೂರೋ ಎನ್‌ಕ್ಯಾಪ್ ಸಂಸ್ಥೆ ತನ್ನ ನಿಯಮಗಳನ್ನು ಕಾಲಕಾಲಕ್ಕೆ ಬಿಗಿಗೊಳಿಸುತ್ತ ಬಂದಿರುವುದರಿಂದ ಹತ್ತು ವರ್ಷದ ಹಿಂದಿನ ಐದು ನಕ್ಷತ್ರ ಇಂದಿನ ಐದಕ್ಕೆ ಸಮನಲ್ಲ. ಪರೀಕ್ಷೆಗೆ ಹೋದ ಕಾರಿನಲ್ಲಿ ಆರು ಏರ್‌ಬ್ಯಾಗಿದ್ದು, ನೀವು ಕೊಳ್ಳುವ ವೇರಿಯಂಟಿನಲ್ಲಿ ಎರಡೇ ಇದ್ದರೆ ಆ ನಕ್ಷತ್ರಗಳು ನಿಮ್ಮವಲ್ಲ. ಎದುರಿನಿಂದ ಗುದ್ದುವ ಪರೀಕ್ಷೆಯ ಅಂಕಗಳನ್ನು ಹೆಚ್ಚು ಕಡಿಮೆ ಒಂದೇ ತೂಕದ ಕಾರುಗಳ ನಡುವೆ ಮಾತ್ರ ಹೋಲಿಸಬಹುದು; ಐದು ನಕ್ಷತ್ರದ ಸಣ್ಣ ಕಾರು ಅದಕ್ಕಿಂತ ಎರಡು ಪಟ್ಟು ತೂಗುವ ವಾಹನಕ್ಕೆ ಎದುರಾದಾಗ ಭೌತಶಾಸ್ತ್ರ ನಕ್ಷತ್ರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸುರಕ್ಷತೆಯ ನಂತರ ಎಂಜಿನ್ ಮತ್ತು ಗೇರ್‌ಬಾಕ್ಸ್. ಸಣ್ಣ ಕಾರುಗಳಲ್ಲಿ ಅಗ್ಗಕ್ಕೆ ಸಿಗುವ ಆಟೋಮ್ಯಾಟಿಕ್ ಎಂದರೆ ಎಎಂಟಿ. ಅದರೊಳಗೆ ಇರುವುದು ಮಾಮೂಲಿ ಗೇರ್‌ಬಾಕ್ಸೇ, ಕ್ಲಚ್ ಒತ್ತುವ ಮತ್ತು ಗೇರ್ ಬದಲಿಸುವ ಕೆಲಸವನ್ನು ಕಾಲು ಮತ್ತು ಕೈಯ ಬದಲು ಮೋಟಾರುಗಳು ಮಾಡುತ್ತವೆ. ಗೇರ್ ಬದಲಾಗುವಾಗ ಸಣ್ಣ ತಡೆ ಅನುಭವಕ್ಕೆ ಬರುತ್ತದೆ, ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಿಂದಲೇ ಕಾರನ್ನು ನಿಲ್ಲಿಸಿಕೊಳ್ಳುವ ಅಭ್ಯಾಸವಿದ್ದರೆ ಕ್ಲಚ್ ಬೇಗ ಸವೆಯುತ್ತದೆ. ಗೇರುಗಳ ಮೆಟ್ಟಿಲುಗಳಿಲ್ಲದೆ ವೇಗ ಹೊಂದಿಸುವ ಸಿವಿಟಿ ಎಂಬ ಇನ್ನೊಂದು ಬಗೆಯ ಆಟೋಮ್ಯಾಟಿಕ್ ಇದಕ್ಕಿಂತ ನಯ, ಬೆಲೆ ಮಾತ್ರ ಹೆಚ್ಚು.

ದೊಡ್ಡ ಪರದೆ, ಬಣ್ಣದ ದೀಪ, ಅಲಾಯ್ ಚಕ್ರಗಳು ಕೊನೆಗೆ. ದೊಡ್ಡ ಚಕ್ರಕ್ಕೆ ತೆಳುವಾದ ಟೈರು ಬರುವುದರಿಂದ ರಸ್ತೆಗುಂಡಿಗಳ ಕುಲುಕಾಟ ಹೆಚ್ಚುತ್ತದೆ, ಟೈರು ಬದಲಿಸುವಾಗ ಖರ್ಚೂ ಹೆಚ್ಚು. ಇನ್ನು ಪರದೆಯ ವಿಷಯಕ್ಕೆ ಬಂದರೆ, ಹಾರ್ನು, ಇಂಡಿಕೇಟರು, ವೈಪರುಗಳಂಥ ಮುಖ್ಯ ನಿಯಂತ್ರಣಗಳಿಗೆ ಕೈಗೆ ಸಿಗುವ ಗುಂಡಿಗಳೇ ಇರಬೇಕೆಂಬುದನ್ನು ಯೂರೋ ಎನ್‌ಕ್ಯಾಪ್ 2026ರ ತನ್ನ ಅಂಕಗಳ ಲೆಕ್ಕಕ್ಕೆ ಸೇರಿಸಿದೆ. ಎಸಿಗೂ ತಿರುಗಿಸುವ ಗುಂಡಿ ಇರುವ ಕಾರನ್ನು ನಾನು ಆರಿಸುತ್ತೇನೆ.

7. ನಿಂತ ಕಾರಿನಲ್ಲಿ ಮಾಡುವ ಪರೀಕ್ಷೆ

ಎಂಜಿನ್ನನ್ನು ಅಡ್ಡಲಾಗಿ ಕೂರಿಸಿ ಮುಂದಿನ ಚಕ್ರಗಳನ್ನು ಓಡಿಸುವ ವಿನ್ಯಾಸವನ್ನು ಅಲೆಕ್ ಇಸಿಗೋನಿಸ್ 1959ರ ಮಿನಿ ಕಾರಿನಲ್ಲಿ ಅಳವಡಿಸಿದಾಗ, ಸುಮಾರು 3 ಮೀಟರ್ ಉದ್ದದ ಕಾರಿನೊಳಗೆ ನಾಲ್ವರು ಕೂರುವಷ್ಟು ಜಾಗ ಸಿಕ್ಕಿತು. ಇಂದಿನ ಸಣ್ಣ ಹ್ಯಾಚ್‌ಬ್ಯಾಕುಗಳೂ ಹೆಚ್ಚಾಗಿ ಅದೇ ದಾರಿಯಲ್ಲಿವೆ, ಆದರೆ ಉಳಿಸಿದ ಜಾಗವನ್ನು ಎಲ್ಲರೂ ಒಂದೇ ಜಾಣತನದಿಂದ ಬಳಸುವುದಿಲ್ಲ. 2001ರಲ್ಲಿ ಬಂದ ಹೊಂಡಾ ಜಾಝ್ ಇಂಧನದ ಟ್ಯಾಂಕನ್ನು ಮುಂದಿನ ಸೀಟುಗಳ ಕೆಳಗೆ ಇಟ್ಟದ್ದರಿಂದ ಅದರ ಹಿಂದಿನ ಸೀಟಿನ ಕೂರುವ ಭಾಗವನ್ನು ಸಿನಿಮಾ ಮಂದಿರದ ಕುರ್ಚಿಯಂತೆ ಮೇಲಕ್ಕೆ ಮಡಚಿ ಎತ್ತರದ ಸಾಮಾನನ್ನು ನಿಲ್ಲಿಸಿಕೊಂಡು ಒಯ್ಯಬಹುದಾಗಿತ್ತು.

ಚಾಲಕರ ಸೀಟನ್ನು ನಿಮ್ಮ ಕಾಲಿಗೆ ಸರಿಹೊಂದಿಸಿದ ಮೇಲೆ, ಅದನ್ನು ಕದಲಿಸದೆ ಇಳಿದು, ಅದರ ಹಿಂದೆ ಹೋಗಿ ಕೂತು ನೋಡಿ. ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೆಯೇ, ತೊಡೆಗೆ ಆಸರೆ ಸಿಗುತ್ತದೆಯೇ ಎಂಬುದನ್ನು ಐದು ನಿಮಿಷವಾದರೂ ಕೂತು ಗಮನಿಸಬೇಕು. ಮನೆಯ ಹಿರಿಯರನ್ನು ಕರೆದೊಯ್ದು ಹತ್ತಿ ಇಳಿಯುವಂತೆ ಹೇಳಿ. ಬಾಗಿಲಿನ ಹೊಸ್ತಿಲು ಮತ್ತು ಸೀಟಿನ ಎತ್ತರ ಅವರಿಗೆ ಒಗ್ಗದಿದ್ದರೆ ಅದಕ್ಕೆ ಮದ್ದಿಲ್ಲ.

ಡಿಕ್ಕಿಯ ಅಳತೆಯನ್ನು ಲೀಟರುಗಳಲ್ಲಿ ಓದಿ ಸುಮ್ಮನಾಗಬೇಡಿ. ಅನೇಕ ತಯಾರಕರು ಅನುಸರಿಸುವ ವಿಡಿಎ ವಿಧಾನದಲ್ಲಿ 200, 100 ಮತ್ತು 50 ಮಿಲಿಮೀಟರ್ ಅಳತೆಯ, ಅಂದರೆ ತಲಾ ಒಂದು ಲೀಟರಿನ ತುಂಡುಗಳನ್ನು ಜೋಡಿಸಿ ಎಣಿಸುತ್ತಾರೆ. ಅಷ್ಟು ಚಿಕ್ಕ ತುಂಡು ಮೂಲೆಮೂಲೆಗೂ ಹೋಗುತ್ತದೆ, ನಿಮ್ಮ ಸೂಟ್‌ಕೇಸು ಹೋಗುವುದಿಲ್ಲ. ಆದ್ದರಿಂದ ಮನೆಯ ದೊಡ್ಡ ಸೂಟ್‌ಕೇಸನ್ನೋ ಮಗುವಿನ ತಳ್ಳುಗಾಡಿಯನ್ನೋ ಷೋರೂಮಿಗೇ ಒಯ್ದು ಇಟ್ಟು ನೋಡಿ, ನಾಚಿಕೆಪಡುವ ಕಾರಣವಿಲ್ಲ. ಡಿಕ್ಕಿಯ ತುಟಿ ಎತ್ತರವಾಗಿದ್ದರೆ ಭಾರವನ್ನು ಪ್ರತಿಬಾರಿಯೂ ಸೊಂಟದವರೆಗೆ ಎತ್ತಿ ಒಳಗೆ ಇಳಿಸಬೇಕಾಗುತ್ತದೆ. ಹಿಂದಿನ ಸೀಟು ಎರಡು ಭಾಗವಾಗಿ ಮಡಚುವುದೋ ಇಡಿಯಾಗಿ ಒಂದೇ ಬಾರಿ ಮಡಚುವುದೋ ಎಂಬುದನ್ನೂ ನೋಡಬೇಕು. ಇಡಿಯಾಗಿ ಮಡಚಿದರೆ ಉದ್ದದ ಸಾಮಾನಿನ ಜೊತೆ ಹಿಂದೆ ಒಬ್ಬರೂ ಕೂರುವಂತಿಲ್ಲ.

8. ಟೆಸ್ಟ್ ಡ್ರೈವ್: ತುಂಬಿದ ಕಾರನ್ನು ಓಡಿಸಿ

ಸಣ್ಣ ಕಾರಿನ ತೂಕ ಸುಮಾರು 800ರಿಂದ 1,100 ಕೆಜಿ. ಐವರು ಹತ್ತಿದರೆ ಅದಕ್ಕೆ 350 ಕೆಜಿಯಷ್ಟು ಸೇರುತ್ತದೆ, ಅಂದರೆ ಕಾರಿನ ತೂಕದ ಸುಮಾರು ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು. ಒಬ್ಬರೇ ಕೂತು ಸಮತಟ್ಟಾದ ರಸ್ತೆಯಲ್ಲಿ ಓಡಿಸಿ ‘ಪಿಕಪ್ ಚೆನ್ನಾಗಿದೆ’ ಎಂದು ಮರಳಿದವರು ತಾವು ಕೊಳ್ಳಲಿರುವ ಕಾರನ್ನು ಇನ್ನೂ ಓಡಿಸಿಲ್ಲ. ಮನೆಯವರೆಲ್ಲರನ್ನೂ ಕೂರಿಸಿಕೊಂಡು, ಎಸಿ ಹಾಕಿ, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಎರಡನೇ ಗೇರಿನಲ್ಲಿ ಎಂಜಿನ್ ಉಸಿರುಗಟ್ಟಿದಂತೆ ಒದ್ದಾಡುತ್ತಿದ್ದರೆ ಆ ಎಂಜಿನ್ ನಿಮ್ಮ ಬಳಕೆಗೆ ಸಾಲದು. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ನಿಂತಾಗಿನ ನಡುಕವನ್ನು ಸ್ಟೀರಿಂಗ್ ಮೇಲೆ ಕೈಯಿಟ್ಟು ಗಮನಿಸಿ; ಕೆಲವರಿಗೆ ಅದು ಗೊತ್ತೇ ಆಗುವುದಿಲ್ಲ, ಕೆಲವರಿಗೆ ದಿನವೂ ಕಿರಿಕಿರಿ. ಸಾಧ್ಯವಿದ್ದರೆ ಅರ್ಧ ಗಂಟೆ, ನೀವು ದಿನವೂ ಹೋಗುವಂಥ ರಸ್ತೆಯಲ್ಲೇ ಓಡಿಸಿ, ಸ್ವಲ್ಪ ಹೊತ್ತು ಹಿಂದಿನ ಸೀಟಿನಲ್ಲಿ ಕೂತೂ ಪ್ರಯಾಣಿಸಿ.

9. ನಿರ್ವಹಣೆಯ ಖರ್ಚು

ಸರ್ವಿಸ್ ಸೆಂಟರಿನಲ್ಲಿ ಐದು ವರ್ಷದ ಸರ್ವಿಸಿನ ಅಂದಾಜು, ನಾಲ್ಕು ಟೈರಿನ ಬೆಲೆ, ಮುಂದಿನ ಬಂಪರು ಮತ್ತು ಹೆಡ್‌ಲೈಟಿನ ಬೆಲೆ, ಇಷ್ಟನ್ನು ಕೇಳಿ ಬರೆದುಕೊಳ್ಳಿ. ಸಣ್ಣಪುಟ್ಟ ತಾಗುವಿಕೆಯಲ್ಲಿ ಮೊದಲು ಹೋಗುವುದು ಬಂಪರು, ಹೆಡ್‌ಲೈಟುಗಳೇ. ಎಲ್‌ಇಡಿ ಹೆಡ್‌ಲೈಟಿನ ಬೆಲೆ ಕೇಳಿದಾಗ ಅಚ್ಚರಿಯಾಗಬಹುದು. ಎಂಜಿನ್ನಿನ ವಾಲ್ವುಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚುವಂತೆ ನೋಡಿಕೊಳ್ಳಲು ಟೈಮಿಂಗ್ ಚೈನ್ ಇದೆಯೋ ಬೆಲ್ಟ್ ಇದೆಯೋ ಎಂಬುದನ್ನೂ ಕೇಳಿ, ಏಕೆಂದರೆ ಬೆಲ್ಟನ್ನು ತಯಾರಕರು ಹೇಳಿದ ದೂರಕ್ಕೋ ವರ್ಷಕ್ಕೋ ತಪ್ಪದೆ ಬದಲಿಸಬೇಕು, ಅದು ತುಂಡಾದರೆ ಅನೇಕ ಎಂಜಿನ್ನುಗಳಲ್ಲಿ ವಾಲ್ವುಗಳು ಪಿಸ್ಟನ್ನಿಗೆ ಬಡಿದು ಬಾಗುತ್ತವೆ.

10. ಅದೇ ಹಣಕ್ಕೆ ಸೆಕೆಂಡ್ ಹ್ಯಾಂಡ್

ಮೂರು ವರ್ಷ ಓಡಿದ, ಒಂದು ದರ್ಜೆ ಮೇಲಿನ ಕಾರು ಹೊಸ ಸಣ್ಣ ಕಾರಿನ ಬೆಲೆಗೇ ಸಿಗುವುದುಂಟು. ಬೆಲೆ ವೇಗವಾಗಿ ಇಳಿಯುವ ಮೊದಲ ವರ್ಷಗಳ ನಷ್ಟವನ್ನು ಅದರ ಮೊದಲ ಮಾಲೀಕರು ಹೊತ್ತಿರುತ್ತಾರೆ. ಆದರೆ ದೊಡ್ಡ ಕಾರಿನ ಟೈರು, ಬಿಡಿಭಾಗಗಳ ಬೆಲೆ ಹಳೆಯದೆಂಬ ಕಾರಣಕ್ಕೆ ಇಳಿಯುವುದಿಲ್ಲ. ಅದನ್ನು ನೋಡಲು ಹೋಗುವುದಾದರೆ ಎಂಜಿನ್ ತಣ್ಣಗಿರುವಾಗಲೇ ಹೋಗಿ, ಮೊದಲೇ ಸ್ಟಾರ್ಟ್ ಮಾಡಿಡಬೇಡಿ ಎಂದು ಹೇಳಿಡಿ; ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಟೈರಿನ ಪಕ್ಕದ ಗೋಡೆಯಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ: 2319 ಎಂದಿದ್ದರೆ 2019ರ 23ನೇ ವಾರ. ಮೀಟರಿನಲ್ಲಿ 20,000 ಕಿಲೋಮೀಟರ್ ತೋರಿಸುವ ಕಾರಿನ ನಾಲ್ಕೂ ಟೈರು ಬದಲಾಗಿದ್ದು, ಕ್ಲಚ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದ್ದರೆ ಮೀಟರನ್ನು ನಂಬಬೇಡಿ. ಡಿಕ್ಕಿಯ ನೆಲಹಾಸನ್ನೆತ್ತಿ ಸ್ಟೆಪ್ನಿ ಕೂರುವ ಗುಳಿಯಲ್ಲಿ ತುಕ್ಕು, ಹೊಸ ವೆಲ್ಡಿಂಗ್, ಸುಕ್ಕುಬಿದ್ದ ತಗಡು ಇವೆಯೇ ನೋಡಿ. ಹಿಂದಿನಿಂದ ಗುದ್ದಿಸಿಕೊಂಡ ಕಾರಿಗೆ ಹೊರಗೆ ಎಷ್ಟೇ ಚೆನ್ನಾಗಿ ಬಣ್ಣ ಹೊಡೆದರೂ ಈ ಗುಳಿಯಲ್ಲಿ ಗುರುತು ಉಳಿದಿರುತ್ತದೆ.

11. ನಿಮ್ಮ ಗರಿಷ್ಠ ಬೆಲೆಯನ್ನು ನೀವೇ ಗೊತ್ತುಮಾಡಿ

ಈಗ ಎಲ್ಲ ಅಂಕಿಗಳೂ ಕೈಯಲ್ಲಿವೆ. ಮೊದಲ ಕಾರಿನ ಒಟ್ಟು ಬೆಲೆ 100, ಐದು ವರ್ಷದ ನಂತರ ಮಾರಿದರೆ 50, ಇಂಧನ, ವಿಮೆ, ಸರ್ವಿಸ್, ಟೈರುಗಳ ಐದು ವರ್ಷದ ಖರ್ಚು 60. ಕೂಡಿ ಕಳೆದರೆ 110. ಎರಡನೆಯದರ ಬೆಲೆ 92, ಮಾರಿದರೆ 41, ಖರ್ಚು 56, ಒಟ್ಟು 107. ಬೆಲೆಪಟ್ಟಿಯಲ್ಲಿ 8 ಇದ್ದ ಅಂತರ ಇಲ್ಲಿ 3ಕ್ಕೆ ಇಳಿದಿದೆ. ಸಾಲ ಮಾಡುವುದಾದರೆ ಎರಡರ ಬಡ್ಡಿಯನ್ನೂ ಸೇರಿಸಿಕೊಳ್ಳಿ. ಮೊದಲ ಕಾರಿನಲ್ಲಿರುವ ಹೆಚ್ಚುವರಿ ಏರ್‌ಬ್ಯಾಗುಗಳು, ಅಗಲದ ಹಿಂದಿನ ಸೀಟು ನಿಮಗೆ ಆ 3ರಷ್ಟು ಬೆಲೆಬಾಳುತ್ತವೆ ಎನಿಸಿದರೆ ಅದು ಹಣಕ್ಕೆ ತಕ್ಕ ಕಾರು. ಬಾಳುವುದಿಲ್ಲ ಎನಿಸಿದರೆ ನೀವು ಕೊಡಬಹುದಾದ ಗರಿಷ್ಠ ಬೆಲೆ 97.

ಈ ಅಂಕಿಯನ್ನು ಇಟ್ಟುಕೊಂಡು ಚೌಕಾಶಿಗೆ ಕೂರಿ. ರಿಯಾಯಿತಿಯ ಬದಲು ಮ್ಯಾಟು, ಕವರುಗಳನ್ನು ಕೊಡುತ್ತೇವೆ ಎಂದರೆ ಅವುಗಳಿಗೆ ಹೊರಗಿನ ಅಂಗಡಿಯ ಬೆಲೆಯನ್ನೇ ಕಟ್ಟಿ, ಷೋರೂಮಿನ ಪಟ್ಟಿಯ ಬೆಲೆಯನ್ನಲ್ಲ. ಕಳೆದ ವರ್ಷ ತಯಾರಾಗಿ ಮಾರಾಟವಾಗದೆ ಉಳಿದ ಕಾರನ್ನು ಕಡಿಮೆಗೆ ಕೊಡುತ್ತೇವೆ ಎಂದರೆ ಅದನ್ನೂ ನೋಡಬಹುದು. ಆದರೆ ನಿಮ್ಮಿಂದ ಅದನ್ನು ಮುಂದೆ ಕೊಳ್ಳುವವರು ತಯಾರಾದ ವರ್ಷವನ್ನೇ ಹಿಡಿದು ಬೆಲೆ ಕಟ್ಟುವುದರಿಂದ, ಸಿಗುವ ರಿಯಾಯಿತಿ ಆ ಒಂದು ವರ್ಷದ ಬೆಲೆ ಇಳಿತಕ್ಕಿಂತ ಹೆಚ್ಚಿರಬೇಕು. ವರ್ಷಗಳ ಕಾಲ ಕಾರನ್ನು ಮಾರುವ ಯೋಚನೆಯೇ ಇಲ್ಲದವರಿಗೆ ಈ ನಷ್ಟ ಬಹುಮಟ್ಟಿಗೆ ತಾಗುವುದಿಲ್ಲ. ಅಂಥವರು ಬ್ಯಾಟರಿ ಮತ್ತು ಟೈರು ತಯಾರಾದ ದಿನಾಂಕವನ್ನು ನೋಡಿಕೊಂಡು, ವಾರಂಟಿ ತಾವು ಕೊಂಡ ದಿನದಿಂದಲೇ ಶುರುವಾಗುತ್ತದೆ ಎಂಬುದನ್ನು ಬರಹದಲ್ಲಿ ಪಡೆದು ಕೊಳ್ಳಬಹುದು.